ಗೋಡೆಯಾಚೆಯ ಕೈಗುಣ

ಕೆಲವರ ಕೈಗುಣ ಒಳ್ಳೆಯದಿರುತ್ತದೆ. ಅವರು ಒಣಗಿದ ಕಡ್ಡಿಯನ್ನು ನೆಲಕ್ಕೆ ಚುಚ್ಚಿದರೂ ಎಂಟು ದಿನಕ್ಕೆ ಚಿಗುರುತ್ತದೆ. ಇನ್ನು ಕೆಲವರದು ಸಾಧಾರಣ, ಹತ್ತು ಹಚ್ಚಿದರೆ ಐದು ಬದುಕುತ್ತವೆ. ಮೂರನೆಯ ಜಾತಿಯೊಂದಿದೆ. ಅದರ ಬಗ್ಗೆ ಹೊರಗೆ ಹೆಚ್ಚು ಗೊತ್ತಿಲ್ಲ, ಯಾಕೆಂದರೆ ಆ ಜಾತಿಯವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿರುತ್ತಾರೆ. ನಾನು ಇವತ್ತು ಬಾಯಿ ಬಿಡುತ್ತಿದ್ದೇನೆ. ಯಾರ ಮನೆಯಲ್ಲೂ ಸಾಯದ ಮನಿ ಪ್ಲಾಂಟ್ ನಮ್ಮ ಮನೆಯಲ್ಲಿ ಮೂರು ಸಲ ಸತ್ತಿದೆ. ಕಚೇರಿಯಲ್ಲಿ ನನ್ನ ಪಕ್ಕದ ಟೇಬಲ್ಲಿನ ಶರಣಪ್ಪ ಒಮ್ಮೆ ಲೋಳೆಸರದ ಸಸಿಯೊಂದನ್ನು ಕೈಗಿಟ್ಟು, "ಇದನ್ನ ಕೊಲ್ಲಾಕ ಯಾರಿಂದನೂ ಆಗಂಗಿಲ್ಲೋ ಬಸವರಾಜ, ನೀ ಬೇಕಾದ್ರ ನೋಡು" ಎಂದಿದ್ದ. ನಾನು ಅದಕ್ಕೆ ಏನೂ ಮಾಡಲಿಲ್ಲ, ಬರೀ ಮನೆಗೆ ತಂದೆ. ಯುಗಾದಿಯ ಹೊತ್ತಿಗೆ ಅದು ಹೋಯಿತು. ಹೆಂಡತಿ ಶಶಿಕಲಾ ಕುಂಡಗಳಿಗೆ ನೀರು ಹಾಕುವಾಗ ನಾನು ಹತ್ತಿರ ಹೋದರೆ, "ಜರಾ ದೂರ ಸರೀರಿ, ಮೊಗ್ಗು ಬಿಟ್ಟದ" ಎನ್ನುತ್ತಾಳೆ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳು, ಸುಮ್ಮನೆ ಹೇಳುವವಳಲ್ಲ.

ನಮ್ಮ ಮನೆ ಇರುವುದು ಕಲಬುರಗಿಯಲ್ಲಿ, ಜಗತ್ ಸರ್ಕಲ್ಲಿನಿಂದ ಆಟೋದಲ್ಲಿ ಹತ್ತು ನಿಮಿಷ. ಹಿಂದೆ ಒಂದು ಹಿತ್ತಲಿದೆ, ನಾಲ್ಕು ಮಂಚ ಹಾಕಬಹುದಾದಷ್ಟು. ಆರು ವರ್ಷದ ಹಿಂದೆ ಅದು ಪೂರಾ ಎರೆಮಣ್ಣು. ಮಳೆಗಾಲದಲ್ಲಿ ಬಟ್ಟೆ ತೆಗೆಯಲು ಹೋಗಿ ಬಂದರೆ ಒಂದೊಂದು ಚಪ್ಪಲಿಗೂ ಸೇರುಗಟ್ಟಲೆ ಮಣ್ಣು ಅಂಟಿಕೊಂಡು, ನಾವು ನಮ್ಮ ಎತ್ತರಕ್ಕಿಂತ ನಾಲ್ಕು ಬೆರಳು ಹೆಚ್ಚಾಗಿ ಮನೆಯೊಳಗೆ ಬರುತ್ತಿದ್ದೆವು. ನಾನು ಒಂದು ದಿನ ತಲೆಕೆಟ್ಟು ಇಡೀ ಹಿತ್ತಲಿಗೆ ಫರ್ಸಿ ಹಾಸಿಸಿಬಿಟ್ಟೆ. ನಮ್ಮ ಕಡೆಯ ಫರ್ಸಿ ಕಲ್ಲು ಗೊತ್ತಲ್ಲ, ಬೂದು ಬಣ್ಣದ ಚಪ್ಪಡಿ, ಮನೆಯ ನೆಲಕ್ಕೂ ಅದೇ, ಚಹದ ಅಂಗಡಿಯ ಕಟ್ಟೆಗೂ ಅದೇ. ಬೆರಳು ಹೋಗುವಷ್ಟೂ ಮಣ್ಣು ಕಾಣದಂತೆ ಸಂದುಗಳಿಗೆಲ್ಲ ಸಿಮೆಂಟು ತುಂಬಿಸಿದೆ. ಕೆಲಸ ಮುಗಿದ ದಿನ ನಡುವೆ ಕುರ್ಚಿ ಹಾಕಿಕೊಂಡು ಕೂತು ಚಹ ಕುಡಿದದ್ದು ನೆನಪಿದೆ. ಮಾರ್ಚಿನಲ್ಲಿ ಬಿಸಿಲು ಏರಿತು. ಬರಿಗಾಲಲ್ಲಿ ಬಟ್ಟೆ ಒಣಹಾಕಲು ಹೋದ ಶಶಿಕಲಾ ಕುಣಿಯುತ್ತ ಒಳಗೆ ಬಂದು, "ನಾಳಿಂದ ರೊಟ್ಟಿ ಹಿತ್ತಲದಾಗೇ ಸುಡತೀನಿ, ಗ್ಯಾಸರ ಉಳೀಲಿ" ಎಂದಳು.

ಈ ಫರ್ಸಿಯ ಕಥೆಯಲ್ಲಿ ಇನ್ನೊಂದು ಸಣ್ಣ ಭಾಗವಿದೆ. ಅದನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ. ನಮ್ಮ ಹಿತ್ತಲಿನ ಗೋಡೆಗೆ ಹತ್ತಿಕೊಂಡು ಮಕ್ಬೂಲ್ ಚಾಚಾ ಅವರ ಹಿತ್ತಲಿದೆ. ಕಪನೂರಿನ ವರ್ಕ್‌ಶಾಪಿನಲ್ಲಿ ನಲವತ್ತು ವರ್ಷ ಲೇಥ್ ಮಷೀನಿನ ಮುಂದೆ ನಿಂತು ನಿವೃತ್ತರಾದವರು. ಕಬ್ಬಿಣವನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕೊರೆದ ಕೈ ಅದು, ಗಿಡಕ್ಕೂ ಹಾಗೆಯೇ ಒಗ್ಗಿತ್ತು. ನಮ್ಮ ಓಣಿಯಲ್ಲಿ ಇವತ್ತು ನೆರಳು ಕೊಡುತ್ತಿರುವ ಮರಗಳಲ್ಲಿ ಅರ್ಧ ಅವರ ಕೈಯಿಂದ ಹಚ್ಚಿಸಿಕೊಂಡವು. ಹೊಸ ಮನೆ ಕಟ್ಟಿದವರು ಸಸಿ ತಂದು, "ಚಾಚಾ, ನಿಮ್ಮ ಕೈಲೇ ಆಗಲಿ" ಎಂದು ಕರೆಯುತ್ತಿದ್ದರು. ಅವರ ಹಿತ್ತಲಿನ ಮೂಲೆಯಲ್ಲಿ, ಗೋಡೆಯ ಬುಡಕ್ಕೆ, ಅವರೇ ಹಚ್ಚಿದ ಬೇವಿನ ಮರವಿತ್ತು. ಬೊಡ್ಡೆ ಅವರ ಕಡೆ, ಅರ್ಧ ನೆರಳು ನಮ್ಮ ಕಡೆ. ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತು ಚಾಚಾ ದಿನಕ್ಕೆ ಐದು ಸಲ ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆದು ವಜೂ ಮಾಡುತ್ತಿದ್ದರು. ನಮ್ಮ ಹಿತ್ತಲು ಒಂದು ಗೇಣು ತಗ್ಗು. ಗೋಡೆ ಕಟ್ಟಿದವರು ಮಳೆನೀರಿಗೆಂದು ಬುಡದಲ್ಲಿ ಬಿಟ್ಟಿದ್ದ ತೂತಿನಿಂದ ಆ ವಜೂ ನೀರು ನಮ್ಮ ಕಡೆ ಬಂದು ಮಣ್ಣಿನಲ್ಲಿ ಇಂಗುತ್ತಿತ್ತು. ಫರ್ಸಿ ಹಾಸಿದ ಮೇಲೆ ಇಂಗುವ ಜಾಗ ಎಲ್ಲಿದೆ? ನೀರು ಕಲ್ಲಿನ ಮೇಲೆ ಹರಿದು ಪಾಚಿ ಕಟ್ಟಿತು. ಒಂದು ಮುಂಜಾನೆ ನಾನು ಕಾಲು ಜಾರಿ ಕುಂಡಿಯೂರಿ ಕೂತೆ. ಅದೇ ಸಿಟ್ಟಿನಲ್ಲಿ ಉಳಿದ ಸಿಮೆಂಟು ಕಲಸಿ ಆ ತೂತನ್ನು ಮುಚ್ಚಿದೆ, ಅವರನ್ನು ಒಂದು ಮಾತೂ ಕೇಳದೆ.

ಚಾಚಾ ಜಗಳ ಮಾಡಲಿಲ್ಲ. ಗೋಡೆಯ ಮೇಲಿಂದ ನೋಡಿ, "ಆಯ್ತ್ರಿ ಸಾಹೇಬ್ರೇ" ಎಂದರು ಅಷ್ಟೇ. ಅಲ್ಲಿಯವರೆಗೆ ಅವರು ನನ್ನನ್ನು ಬಸವರಾಜ ಎಂದು ಕರೆಯುತ್ತಿದ್ದರು. ಅವತ್ತಿನಿಂದ ನಾನು ಸಾಹೇಬನಾದೆ. ರಮಜಾನಿಗೆ ಶಾವಿಗೆಯ ಸುರಕುಂಬಾ ಬರುವುದು ನಿಲ್ಲಲಿಲ್ಲ, ಸಂಕ್ರಾಂತಿಗೆ ನಮ್ಮ ಎಳ್ಳುಬೆಲ್ಲ ಹೋಗುವುದೂ ನಿಲ್ಲಲಿಲ್ಲ, ಆದರೆ ಆ ಸಾಹೇಬ್ರೇ ಮಾತ್ರ ಹಾಗೇ ನಿಂತಿತು. ಅವರು ಒಂದು ಪೈಪು ಹಾಕಿಸಿ ವಜೂ ನೀರನ್ನು ಬೀದಿಯ ಗಟಾರಕ್ಕೆ ತಿರುಗಿಸಿದರು. ಆ ನೀರು ಗಟಾರಕ್ಕೆ ಹೋಗುವುದು ಅವರ ಮನಸ್ಸಿಗೆ ಬರುತ್ತಿರಲಿಲ್ಲ ಎಂದು ಶಶಿಕಲಾ ಬಹಳ ದಿನದ ಮೇಲೆ ಹೇಳಿದಳು. ಹೋದ ಜೂನಿನಲ್ಲಿ ಗಾಳಿ ಮಳೆ ಒಟ್ಟಿಗೆ ಬಂದು ಬೇವು ಬುಡಸಮೇತ ಬಿತ್ತು. ಎರಡು ವರ್ಷದಿಂದ ಅದರ ಎಲೆ ಕಡಿಮೆಯಾಗುತ್ತ ಬಂದಿತ್ತು. ಬಿದ್ದ ರಭಸಕ್ಕೆ ನಮ್ಮ ಕಡೆಯ ನಾಲ್ಕು ಫರ್ಸಿ ಎದ್ದುಬಂದವು. ಕೆಳಗೆ ನೋಡಿದರೆ, ಅಷ್ಟು ಮಳೆಯಲ್ಲೂ ಬೇರಿನ ಸುತ್ತಲ ಮಣ್ಣು ಜೋಳದ ಹಿಟ್ಟಿನ ಹಾಗೆ ಒಣಗಿತ್ತು. ನಾನು ಗಿಡ ಮುಟ್ಟಿ ಕೊಲ್ಲುತ್ತಿದ್ದವನು, ಈಗ ಮುಟ್ಟದೆಯೂ ಕೊಲ್ಲುವ ಮಟ್ಟಕ್ಕೆ ಬಂದಿದ್ದೆ. ಅವತ್ತು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಚಾಚಾ ಆಮೇಲೆ ಹಿತ್ತಲಿನಲ್ಲಿ ಕೂರುವುದನ್ನೇ ಬಿಟ್ಟರು. ವಜೂ ಮಾಡಿ ತಕ್ಷಣ ಒಳಗೆ ಹೋಗುವರು.

ದಸರೆಯಲ್ಲಿ ಬನ್ನಿ ಕೊಡಲು ಹೋದಾಗಲೂ ಅವರ ಮುಖದಲ್ಲಿ ಮೊದಲಿನ ಕಳೆ ಇರಲಿಲ್ಲ. ಮನೆಗೆ ಬಂದು ಶಶಿಕಲಾಗೆ, "ಹಿತ್ತಲದಾಗ ಗಿಡ ಹಚ್ಚೋಣ" ಎಂದೆ. ಮಳೆ ನಿಂತಿದೆ, ಮಣ್ಣಿನಲ್ಲಿ ಹಸಿ ಇದೆ, ಬಿಸಿಲಿಗೆ ಸಿಟ್ಟಿಲ್ಲ, ಬೇಸಿಗೆ ಬರುವುದರೊಳಗೆ ಬೇರು ಇಳಿಯುತ್ತವೆ ಎಂದು ಎಲ್ಲೋ ಓದಿದ್ದನ್ನು ವಿವರವಾಗಿ ಹೇಳಿದೆ. ಅವಳು ನನ್ನ ಕೈಗಳನ್ನೇ ನೋಡಿದಳು. "ಹಚ್ಚೋದು ಚಾಚಾ. ನಾ ಬರೀ ತರಾಂವ" ಎಂದ ಮೇಲೆಯೇ ಒಪ್ಪಿದಳು. ನನ್ನ ಯೋಚನೆ ಬೇರೆಯೇ ಇತ್ತು. ಚಾಚಾ ಕೈಯಿಂದ ನಮ್ಮ ಹಿತ್ತಲಿನಲ್ಲಿ ನಾಲ್ಕು ಗಿಡ ಹಚ್ಚಿಸಿದರೆ, ಕ್ಷಮಿಸಿ ಎಂದು ಬಾಯಿಬಿಟ್ಟು ಹೇಳುವ ಕೆಲಸ ತಪ್ಪುತ್ತದೆ ಎಂದುಕೊಂಡಿದ್ದೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ತಿರುವಿದವನಿಗೆ ನೇರವಾಗಿ ಮಾತಾಡುವ ಅಭ್ಯಾಸ ಹೋಗಿರುತ್ತದೆ.

ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಒಂದು ಹಾರೆ, ಒಂದು ಸಲಿಕೆ ಕೊಂಡೆವು. ಸೀಗಿ ಹುಣ್ಣಿಮೆಯ ಮರುದಿನ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆವು. ರಸ್ತೆಯ ಪಕ್ಕದ ನರ್ಸರಿಯೊಂದರಲ್ಲಿ ಕಸಿ ಮಾವಿನ ಸಸಿ, ಪೇರಲ, ಕರಿಬೇವು, ದುಂಡುಮಲ್ಲಿಗೆ ಆರಿಸಿಕೊಂಡೆವು. ಆರಿಸಿದವಳು ಶಶಿಕಲಾ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮಾವು ನೆರಳು ಕೊಡುವಷ್ಟು ಆಗಲು ಐದಾರು ವರ್ಷ ಬೇಕೆಂದು ನರ್ಸರಿಯವನು ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಜಲ್ದಿ ನೆರಳ ಬೇಕಂದ್ರ ಬಾಳಿ ಹಚ್ಚರಿ. ಆದ್ರ ನಮ್ಮೂರ ಕೆಂಪು ಬಾಳಿ ಕಂದು ನಮ್ಮ ನರ್ಸರ್ಯಾಗ ಸಿಗಂಗಿಲ್ಲ, ತ್ವಾಟದಾಗ ಕೇಳ್ರಿ" ಎಂದು ಅವನು ಒಂದು ದಾರಿ ತೋರಿಸಿದ. ಬಾಳೆ ಮರವೂ ಅಲ್ಲ, ಗಿಡವೂ ಅಲ್ಲ, ಒಂದು ಹೋದರೆ ಪಕ್ಕದಲ್ಲಿ ಇನ್ನೊಂದು ಎದ್ದಿರುತ್ತದೆ. ನನ್ನಂಥವನ ಮನೆಗೆ ಇದಕ್ಕಿಂತ ಸರಿಯಾದದ್ದು ಇರಲಾರದು ಎನ್ನಿಸಿತು.

ತೋಟದಲ್ಲಿ ಒಬ್ಬ ಆಯಿ, ಎಪ್ಪತ್ತರ ಮೇಲಿನವಳು, ಬಾಳೆಯ ಒಣ ಎಲೆ ಕೊಯ್ಯುತ್ತಿದ್ದಳು. ಮಣ್ಣು ಕುಂಕುಮ ಕಲಸಿದ ಹಾಗೆ ಕೆಂಪು. ಬಾಳೆಯ ಬುಡದಲ್ಲಿ ಏಳುವ ಮರಿ, ಒಂದು ಕಂದು ಬೇಕೆಂದೆವು. ಆಯಿ ಕುಡುಗೋಲು ಸೆರಗಿಗೆ ಒರೆಸಿ, "ಮಾರಂಗಿಲ್ಲಪ್ಪಾ, ಕೊಡತೀನಿ. ಹಚ್ಚೋ ಕೈ ಯಾವುದು, ತೋರಸು" ಎಂದಳು. ನಾನು ಕೈ ಮುಂದೆ ಮಾಡುವ ಮೊದಲೇ ಶಶಿಕಲಾ, "ಇವರದಲ್ಲ ಆಯಿ" ಎಂದಳು. ಆಯಿ ಆದರೂ ನನ್ನ ಅಂಗೈ ಹಿಡಿದು ನೋಡಿದಳು, ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದಳು, ಮತ್ತೆ ನನಗೇ ವಾಪಸು ಕೊಟ್ಟಳು. ನಾನು ಗಡಿಬಿಡಿಯಲ್ಲಿ ಮಕ್ಬೂಲ್ ಚಾಚಾ ಕಥೆ ಹೇಳಿದೆ, ಓಣಿಯ ಮರಗಳು, ಅವರ ಕೈಗುಣ ಎಲ್ಲ. "ಹಂಗಂದ್ರ ಆಯ್ತು. ಅವರ ಹೆಸರಲೇ ಕೊಡತೀನಿ. ಆದ್ರ ಅವರೇ ಹಚ್ಚಬೇಕು, ನೋಡು ಮತ್ತ. ಗೊನಿ ಬಿಟ್ಟಾಗ ಅವರನ್ನ ಕರ್ಕೊಂಡು ಬಂದು ಹೇಳು" ಎಂದಳು. ತಾಯಿ ಬಾಳೆಯ ಬುಡ ಬಿಡಿಸಿ ಒಂದು ಕಂದು ಕಿತ್ತು, ಹಸಿ ಗೋಣಿಚೀಲದಲ್ಲಿ ಸುತ್ತಿ, "ನಿಮ್ಮ ಕರಿ ಮಣ್ಣು ಇದಕ್ಕ ಹೊಸಾದು" ಎನ್ನುತ್ತ ಮೂರು ಬೊಗಸೆ ಕೆಂಪು ಮಣ್ಣು ಅದರೊಳಗೆ ಹಾಕಿದಳು. ಮಗಳಿಗೆ ಉಡಿ ತುಂಬಿ ಕಳಿಸುವ ಹಾಗೆಯೇ ಇತ್ತು. ಬಸ್ಸಿನಲ್ಲಿ ಆ ಕಂದನ್ನು ಶಶಿಕಲಾ ತೊಡೆಯ ಮೇಲಿಟ್ಟುಕೊಂಡು ಬಂದಳು, ನನಗೆ ಮುಟ್ಟಲು ಕೊಡಲಿಲ್ಲ.

ಮನೆಗೆ ಬಂದವನೇ ಗೋಡೆಯ ಹತ್ತಿರ ಹೋಗಿ ಚಾಚಾನನ್ನು ಕರೆದೆ. ಅವರು ಬಂದು ಗೋಡೆಯ ಮೇಲಿಂದಲೇ ಸಸಿಗಳನ್ನು ಒಂದೊಂದಾಗಿ ನೋಡಿದರು. ಕಂದಿನ ಮೇಲೆ ಕಣ್ಣು ಜರಾ ಹೊತ್ತು ನಿಂತಿತು. "ಛಲೋ ತಂದೀರಿ. ಆದ್ರ ನನ್ನ ಕೈಲೇ ಬ್ಯಾಡ್ರಿ ಸಾಹೇಬ್ರೇ. ಆ ಬೇವಿನ ಜೊತಿ ನನ್ನ ಕೈ ಮುಗೀತು. ಇದ್ದ ಒಂದು ಮರ ಉಳಸ್ಕೊಳ್ಳಾಕ ಆಗಲಿಲ್ಲ, ಹೊಸಾದು ಏನ್ ಹಚ್ಚಲಿ" ಎಂದರು. ನಾನು ಆಯಿಗೆ ಕೊಟ್ಟ ಮಾತು ಹೇಳಿ ಒತ್ತಾಯ ಮಾಡಿದೆ. ಅವರು ತಲೆ ಅಲ್ಲಾಡಿಸಿ, ಹೋಗುವ ಮೊದಲು, "ಬಾಳಿಗೆ ದಿನಾ ನೀರು ಬೇಕ್ರಿ. ನಾಕು ದಿನಕ್ಕೊಮ್ಮೆ ಬರೋ ನಳದ ನೀರು ಸಾಲಂಗಿಲ್ಲ" ಎಂದರು. ಹೇಳುವಾಗ ಅವರ ದೃಷ್ಟಿ ಗೋಡೆಯ ಬುಡದಲ್ಲಿ ನಾನು ಮೆತ್ತಿದ್ದ ಸಿಮೆಂಟಿನ ಕಡೆ ಹೋಯಿತು. ನನ್ನದೂ ಹೋಯಿತು. ಇಬ್ಬರೂ ಬೇರೆ ಕಡೆ ನೋಡಿದೆವು. ಆಗಲೇ ಹೇಳಬಹುದಿತ್ತು. ನಾನು ಹಾರೆ ತರುವ ನೆಪ ಮಾಡಿ ಒಳಗೆ ಹೋದೆ.

ಕೊನೆಗೆ ಹಾರೆ ಹಿಡಿಯುವುದು ನನ್ನ ಪಾಲಿಗೇ ಬಂತು, ಯಾಕೆಂದರೆ ಶಶಿಕಲಾಗೆ ಸೊಂಟ ನೋವು. ಗೋಡೆಗುಂಟ ಎರಡು ಸಾಲು ಫರ್ಸಿ ಎಬ್ಬಿಸುವುದರಲ್ಲಿ ನನ್ನ ಅರ್ಧ ಜೀವ ಹೋಯಿತು. ಹಾಸುವಾಗ ಗಟ್ಟಿಯಾಗಿ ಹಾಸಿರೆಂದು ನಾನೇ ಗೌಂಡಿಯ ಬೆನ್ನು ಹತ್ತಿದ್ದೆ, ಅವನು ನನ್ನ ಮಾತು ನೂರಕ್ಕೆ ನೂರು ಪಾಲಿಸಿದ್ದ. ಮಾವನ್ನು ಪ್ಲಾಸ್ಟಿಕ್ ಚೀಲದ ಸಮೇತ ಹಚ್ಚಿದ್ದೆ, ಶಶಿಕಲಾ ಬಂದು ಬೈದು ತೆಗೆಸಿದಳು. ದುಂಡುಮಲ್ಲಿಗೆಗೆ ಆಸರೆಯಾಗಲಿ ಎಂದು ಒಂದು ನುಗ್ಗೆಯ ಕೋಲು ನೆಟ್ಟೆ. ಹದಿನೈದು ದಿನದಲ್ಲಿ ಮಲ್ಲಿಗೆ ಮುಖ ಸಪ್ಪಗೆ ಮಾಡಿಕೊಂಡು ನಿಂತಿತ್ತು, ಕೋಲು ಚಿಗುರಿತ್ತು. ಕಂದನ್ನು ಮಾತ್ರ ಎರಡೂ ಕೈಯಿಂದ ಮೆಲ್ಲಗೆ ಗುಂಡಿಗೆ ಇಳಿಸಿದೆ. ಆಯಿಯ ಕೆಂಪು ಮಣ್ಣು ಸುತ್ತ ಹಾಕಿ, "ನಂದಲ್ಲ, ಚಾಚಾನ ಕೈ ಅಂತ ತಿಳ್ಕೊ" ಎಂದು ಅದಕ್ಕೆ ಮೆಲ್ಲಗೆ ಹೇಳಿದೆ. ಬಾಳೆಗೆ ಸುಳ್ಳು ಹೇಳಿದವರು ನಮ್ಮ ವಂಶದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಎಲ್ಲವೂ ಹತ್ತಿದವು. ದೀಪಾವಳಿಗೆ ಬಾಳೆ ಒಂದು ಎಲೆ ಬಿಚ್ಚಿತು, ಎಳ್ಳಮಾಸೆಗೆ ಮೊಣಕಾಲು ದಾಟಿತು. ಮಾವು ತಾಮ್ರದ ಬಣ್ಣದ ಚಿಗುರು ಬಿಟ್ಟಿತು. ಸಿಟ್ಟಾಗಿದ್ದ ಮಲ್ಲಿಗೆ ಕೂಡ ಸಮಾಧಾನಕ್ಕೆ ಬಂತು. ನಾನು ದಿನಾ ಮುಂಜಾನೆ ಎಂಟಕ್ಕೆ ಎದ್ದು ಒಂದೊಂದಕ್ಕೂ ಒಂದೊಂದು ತಂಬಿಗೆ ನೀರು ಹಾಕಿ ಕಚೇರಿಗೆ ಹೋಗುತ್ತಿದ್ದೆ. ಅಷ್ಟೇ ನೀರಿಗೆ ಮಣ್ಣು ಯಾವಾಗಲೂ ತೇವವಾಗಿರುತ್ತಿತ್ತು. ಎರೆಮಣ್ಣು ನೀರು ಹಿಡಿದಿಡುತ್ತದೆ, ನೀರು ಹಾಕುವ ರೀತಿಯಲ್ಲೂ ಒಂದು ಹದವಿದೆ ಎಂದು ನಾನು ಒಂದು ಸಿದ್ಧಾಂತ ಮಾಡಿಕೊಂಡು ಶರಣಪ್ಪನಿಗೆ ಹೇಳತೊಡಗಿದೆ. ವಾರದಲ್ಲಿ ನಾಲ್ಕು ಜನ ಟೇಬಲ್ಲಿಗೆ ಬಂದು ಸಲಹೆ ಕೇಳುವಷ್ಟು ಹೆಸರಾಯಿತು. ಗುಲಾಬಿಗೆ ಯಾವಾಗ ಕತ್ತರಿ ಹಾಕಬೇಕು ಎಂದು ಒಬ್ಬರು ಕೇಳಿದರೆ, ಎರಡು ನಿಮಿಷ ಕಣ್ಣು ಮುಚ್ಚಿ ಯೋಚಿಸಿ ಉತ್ತರ ಹೇಳಿದ್ದೇನೆ. ಮನೆಯಲ್ಲಿ ನನ್ನ ಕೈಗುಣ ಬದಲಾಗಿದೆ ಎಂದು ಹೇಳಿದಾಗಲೆಲ್ಲ ಶಶಿಕಲಾ ಒಂದು ಥರ ನಗುತ್ತಿದ್ದಳು. ಅದನ್ನು ನಾನು ಗಂಡನ ಬಗ್ಗೆ ಇರುವ ಅಭಿಮಾನ ಎಂದುಕೊಂಡಿದ್ದೆ.

ಬದುಕಿದವುಗಳಲ್ಲಿ ಒಂದೇ ಒಂದರ ಮೇಲೆ ನನಗೆ ಸಿಟ್ಟಿತ್ತು. ಗೋಡೆಯ ಮೂಲೆಯಲ್ಲಿ ನಾನು ಎಬ್ಬಿಸದೆ ಬಿಟ್ಟಿದ್ದ ಫರ್ಸಿಯ ಒಡೆದ ಸಂದಿನಿಂದ ಒಂದು ಕಸದ ಗಿಡ ಎದ್ದಿತ್ತು. ಜಗ್ಗಿದರೆ ಮೇಲಿನ ತುಂಡಷ್ಟೇ ಕೈಗೆ ಬರುತ್ತಿತ್ತು. ಮೂರು ಸಲ ಕಿತ್ತೆ, ಮೂರು ಸಲವೂ ಚಿಗುರಿತು. ಬದುಕಲಿ ಎಂದು ಹಾಕಿದ್ದೆಲ್ಲ ಸಾಯುತ್ತಿದ್ದ ಕಾಲ ಹೋಗಿ, ಸಾಯಲಿ ಎಂದು ಕಿತ್ತದ್ದೂ ಬದುಕುವ ಕಾಲ ಬಂದಿದೆ ಎಂದು ಒಳಗೊಳಗೇ ಬೀಗಿದೆ.

ಜನವರಿಯ ಒಂದು ದಿನ ಕಚೇರಿಯಲ್ಲಿ ಕರೆಂಟಿಲ್ಲದೆ ಮಧ್ಯಾಹ್ನವೇ ಮನೆಗೆ ಬಂದೆ. ಶಶಿಕಲಾ ಊಟ ಮಾಡಿ ಮಲಗಿದ್ದಳು. ನಾನು ಮೂಲೆಯ ಕಸ ತೆಗೆಯೋಣವೆಂದು ಬಾಳೆಯ ಪಕ್ಕ ಕೂತಿದ್ದೆ. ಆಜಾನಿನ ದನಿ ಕೇಳಿಸಿತು. ಆಚೆ ಹಿತ್ತಲಿನಲ್ಲಿ ನಳ ತಿರುವಿದ ಸದ್ದಾಯಿತು. ಆಮೇಲೆ ಗೋಡೆಯ ಬುಡದಿಂದ ಸಣ್ಣಗೆ ನೀರು ಬರತೊಡಗಿತು. ನಾನು ಎಲೆ ಸರಿಸಿ ನೋಡಿದೆ. ನನ್ನ ಸಿಮೆಂಟಿನ ಮಧ್ಯೆ ಬರೋಬ್ಬರಿ ದುಂಡಗಿನ ತೂತು, ಅದರಲ್ಲಿ ಒಂದು ಉಕ್ಕಿನ ಕೊಳವೆ, ಬಾಯಿಗೆ ಸಣ್ಣ ಜಾಳಿಗೆ. ಲೇಥ್ ಕೆಲಸದವರನ್ನು ಬಿಟ್ಟು ಬೇರೆ ಯಾರೂ ಅಷ್ಟು ಅಚ್ಚುಕಟ್ಟಾಗಿ ಮಾಡಲಾರರು. ನೀರು ಬಾಳೆಯ ಪಾತಿ ತುಂಬಿ, ಅಲ್ಲಿಂದ ಬೆರಳಗಲದ ಕಾಲುವೆಯಲ್ಲಿ ಮಲ್ಲಿಗೆಗೆ, ಅಲ್ಲಿಂದ ಮಾವಿಗೆ ಹೋಯಿತು. ಆ ಕಾಲುವೆ ತೋಡಿದ್ದು ನಮ್ಮ ಅಡುಗೆಮನೆಯ ಚಮಚದಿಂದ ಎನ್ನುವುದೂ ಕಂಡಿತು, ಚಮಚ ಮಣ್ಣು ಮೆತ್ತಿಕೊಂಡು ಅಲ್ಲೇ ಬಿದ್ದಿತ್ತು. ಸೋಪಿಲ್ಲದ ನೀರು, ದಿನಕ್ಕೆ ಐದು ಸಲ, ಹೊತ್ತು ತಪ್ಪದೆ. ನನ್ನ ಎಂಟು ಗಂಟೆಯ ತಂಬಿಗೆ, ನನ್ನ ಎರೆಮಣ್ಣಿನ ಸಿದ್ಧಾಂತ, ಶರಣಪ್ಪನ ಮುಂದೆ ಮುಚ್ಚಿದ ಕಣ್ಣು, ಎಲ್ಲ ಒಟ್ಟಿಗೆ ನೆನಪಿಗೆ ಬಂದು ಕೂತಲ್ಲೇ ಬೆವರಿದೆ.

ಸುಮ್ಮನೆ ಎದ್ದು ಹೋಗಬಹುದಿತ್ತು. ನನ್ನ ಸ್ವಭಾವಕ್ಕೆ ಅದೇ ಸರಿ. ಆದರೆ ಆ ನೀರು ನೋಡುತ್ತ ಅಲ್ಲೇ ಕೂತೆ. "ಚಾಚಾ, ನೀರು ಬಂತ್ರಿ" ಎಂದೆ ಗೋಡೆಗೆ.

ಆಚೆ ನಳ ನಿಂತಿತು. ಆಮೇಲೆ ಚಾಚಾನ ದನಿ ಬಂತು. "ಮನ್ಯಾಗಿದ್ದೀರೇನು? ನಿಮ್ಮ ಮನಿ ಬಾಯಾರ ಹೇಳಿದ್ರು, ತೆಗೀರಿ ಚಾಚಾ ಅಂತ. ನಿಮ್ಮನ್ನ ಕೇಳದ ತೆಗಿಯೋದು ಬ್ಯಾಡ ಅಂದಿದ್ದೆ ನಾ."

"ಮುಚ್ಚುವಾಗ ನಾನೂ ನಿಮ್ಮನ್ನ ಕೇಳಿರಲಿಲ್ಲ ಚಾಚಾ. ತಪ್ಪು ಮಾಡೀನಿ. ಬೇವು ಹೋಗಿದ್ದು ಅದಕ್ಕೇ ಅಂತ ನನಗ ಅನಸ್ತದ."

"ಅದಕ್ಕ ಗೆದ್ದಲ ಹತ್ತಿತ್ತು, ವಯಸ್ಸೂ ಆಗಿತ್ತು. ಫಿಕರ್ ಮಾಡಬ್ಯಾಡ್ರಿ" ಎಂದರು. ಅದು ಖರೆಯೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಅವರ ದನಿಯಲ್ಲಿ ಸಣ್ಣ ನಗು ಸೇರಿತು. "ಆದ್ರ ಸಿಮೆಂಟ್ ಮಾತ್ರ ಪಕ್ಕಾ ಹಾಕಿದ್ರಿ. ಕೊರಿಯಾಕ ಮೂರು ದಿನ ಹಿಡೀತು. ನಿಮ್ಮ ಕೈಲೇ ಆಗಿದ್ದರಾಗ ಅಷ್ಟು ಗಟ್ಟಿ ನಿಂತಿದ್ದು ಅದೊಂದೇ ನೋಡ್ರಿ."

ನಾನು ಮಾತು ಬದಲಿಸಲು ಮೂಲೆಯ ಕಸದ ಗಿಡದ ಸುದ್ದಿ ತೆಗೆದೆ, ಏನು ಮಾಡಿದರೂ ಸಾಯುವುದಿಲ್ಲ, ಏನು ಮದ್ದು ಹಾಕಲಿ ಎಂದು ಕೇಳಿದೆ. ಎಲೆ ಹೆಂಗದ ಎಂದು ಅವರು ಕೇಳಿದರು. ಅಂಚಿಗೆ ಗರಗಸದ ಹಲ್ಲು, ಕಡ್ಡಿಯ ಎರಡೂ ಕಡೆ ಸಾಲಾಗಿ ಎಂದೆ. ಒಂದು ಎಲೆ ಬಾಯಿಗೆ ಹಾಕಿ ನೋಡ್ರಿ ಎಂದರು. ಹಾಕಿದೆ. ಅಷ್ಟು ಕಹಿಯನ್ನು ನಾನು ಅಷ್ಟು ಸಂತೋಷದಿಂದ ಯಾವತ್ತೂ ನುಂಗಿಲ್ಲ. ಐದು ನಿಮಿಷದಲ್ಲಿ ಚಾಚಾ ನಮ್ಮ ಹಿತ್ತಲಿನಲ್ಲಿದ್ದರು. ಫರ್ಸಿ ಹಾಸಿದ ಮೇಲೆ ಅವರು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಬಿದ್ದ ಬೇವಿನ ಬೀಜ ಸಂದಿನಲ್ಲಿ ಹುಟ್ಟಿಕೊಂಡಿತ್ತು, ನಾನು ಅದರ ಕುತ್ತಿಗೆಯನ್ನು ಮೂರು ಸಲ ಮುರಿದಿದ್ದೆ. ಚಾಚಾ ಕೂತು ಮೆಲ್ಲಗೆ ಫರ್ಸಿ ಎಬ್ಬಿಸಿ, ಬೇರಿಗೆ ನೋವಾಗದಂತೆ ಮಣ್ಣುಸಮೇತ ಅದನ್ನು ಎತ್ತಿದರು. ಹಳೆಯ ಬೇವು ಇದ್ದ ಜಾಗಕ್ಕೇ ತೆಗೆದುಕೊಂಡು ಹೋಗಿ ತಮ್ಮ ಕೈಯಾರೆ ಹಚ್ಚಿದರು. ನನಗೆ ತಂಬಿಗೆ ಹಿಡಿಯುವ ಕೆಲಸ ಕೊಟ್ಟರು. ಬಾಳೆಯ ಬುಡದಲ್ಲಿ ಎದ್ದ ಮರಿ ಕಂದನ್ನು ನೋಡಿ, ಅದನ್ನೂ ತಾವೇ ಬಿಡಿಸಿ ಆಚೆ ಹಚ್ಚುವುದಾಗಿ ಹೇಳಿದರು. ಆಯಿಗೆ ಕೊಟ್ಟ ಮಾತು ಹೀಗೆ ಒಂದು ತಲೆಮಾರು ತಡವಾಗಿ ನಡೆಯಲಿದೆ.

ಸಂಜೆ ಮತ್ತೆ ನಳದ ಸದ್ದು ಕೇಳಿಸಿತು. ಗೋಡೆಯಾಚೆಯಿಂದ, "ಬಸವರಾಜ, ಸಾಕೇನು, ಇನ್ನಷ್ಟು ಬಿಡಲೇನು?" ಎಂದು ಕೂಗಿದರು. ಒಳಗಿನಿಂದ ಶಶಿಕಲಾ, "ಇನ್ನಷ್ಟು ಬಿಡ್ರಿ ಚಾಚಾ" ಎಂದಳು.

ಇದನ್ನೆಲ್ಲ ಕಚೇರಿಯಲ್ಲಿ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಆದರೆ ಒಮ್ಮೆ ಬಂದ ಹೆಸರನ್ನು ಕೈಯಾರೆ ಕಳೆದುಕೊಳ್ಳುವುದು ಅಷ್ಟು ಸುಲಭವಲ್ಲ. ಮೊನ್ನೆ ಭಾನುವಾರ ಶರಣಪ್ಪ ನನ್ನನ್ನು ಮನೆಗೆ ಕರೆದ. ಹೊಸದಾಗಿ ತಂದ ಚಿಕ್ಕು ಸಸಿ, ತೋಡಿಟ್ಟ ಗುಂಡಿ, ಮೇಲೆ ಎರಡು ಊದಿನಕಡ್ಡಿ. "ನಿನ್ನ ಕೈಲೇ ಆಗಬೇಕು ನೋಡಪ್ಪಾ, ನಿನ್ನ ಕೈಗುಣ ಇಡೀ ಆಫೀಸಿಗೇ ಗೊತ್ತದ" ಎಂದು ಸಸಿ ಕೈಗಿಟ್ಟ. ಅವನ ಹೆಂಡತಿ ಭಕ್ತಿಯಿಂದ ನಿಂತಿದ್ದರು. ನಾನು ಸಸಿ ಹಿಡಿದುಕೊಂಡು ಗುಂಡಿ ನೋಡಿದೆ, ಮಣ್ಣು ಮುಟ್ಟಿದೆ, ಅಭ್ಯಾಸದಂತೆ ಎರಡು ನಿಮಿಷ ಕಣ್ಣು ಮುಚ್ಚಿದೆ. ಆಮೇಲೆ ಕಣ್ಣು ತೆರೆದು ಅವನ ಕಾಂಪೌಂಡು ತೋರಿಸಿ ಒಂದೇ ಮಾತು ಕೇಳಿದೆ.

"ಶರಣಪ್ಪಾ, ಗ್ವಾಡಿ ಆಚೆ ಕಡಿ ಯಾರದಾರ?"